ನಿಲ್ದಾಣದಿಂದ ನಡಿಗೆ 5 ನಿಮಿಷ: ಟೋಕಿಯೋದ ಹೋಟೆಲುಗಳನ್ನು ಓದುವ ಬಗೆ

ಕನ್ನಡದಲ್ಲಿ ‘ಹೋಟೆಲಿಗೆ ಹೋಗೋಣ’ ಎಂದರೆ ದೋಸೆ ತಿನ್ನಲು ಹೋಗೋಣ ಎಂದರ್ಥ. ಮಲಗುವ ಜಾಗಕ್ಕೆ ಲಾಡ್ಜ್ ಎಂಬ ಬೇರೆ ಮಾತಿದೆ, ಅದಕ್ಕೂ ಮೊದಲು ಛತ್ರವಿತ್ತು. ಛತ್ರದಲ್ಲಿ ಪ್ರಯಾಣಿಕ ಜಾಗವನ್ನು ಆರಿಸುತ್ತಿರಲಿಲ್ಲ. ಯಾವೂರು, ಯಾವ ಜನ ಎಂದು ಕೇಳಿ ಛತ್ರವೇ ಅವನನ್ನು ಆರಿಸುತ್ತಿತ್ತು. ನಮ್ಮ ಪ್ರವಾಸ ಕಥನಗಳಲ್ಲಿಯೂ ಕೋಣೆಯ ಆಯ್ಕೆಗೆ ಅಂಥ ಜಾಗವೇನಿಲ್ಲ. ಗೊರೂರರು ‘ಅಮೇರಿಕದಲ್ಲಿ ಗೊರೂರು’ ಬರೆದದ್ದು ತಮ್ಮವರ ಮನೆಯಲ್ಲಿದ್ದುಕೊಂಡು ಕಂಡ ದೇಶದ ಬಗ್ಗೆ. ಪರದೇಶದ ದೊಡ್ಡ ನಗರದಲ್ಲಿ ಗುರುತಿನವರು ಯಾರೂ ಇಲ್ಲದೆ, ದುಡ್ಡು ಕೊಟ್ಟು, ನೂರಾರು ಕೋಣೆಗಳಲ್ಲಿ ಒಂದನ್ನು ಆರಿಸಿಕೊಳ್ಳುವುದು ನಮ್ಮ ತಲೆಮಾರಿಗೆ ಸಾಮಾನ್ಯವಾಗುತ್ತಿರುವ ಕೆಲಸ. ವಿಚಾರ ಸಂಕಿರಣಕ್ಕೆ ಹೋಗುವವರು, ಕಂಪನಿಯ ಕೆಲಸಕ್ಕೆ ಹೋಗುವವರು, ಉಳಿಸಿದ ದುಡ್ಡಿನಲ್ಲಿ ತಂದೆತಾಯಿಯರನ್ನು ಕರೆದೊಯ್ಯುವವರು ಎಲ್ಲರೂ ಈ ಕೆಲಸ ಮಾಡುತ್ತಾರೆ. ಇದು ಓದುವ ಕೆಲಸ. ಕೋಣೆಯನ್ನು ಕಾಣುವ ಮೊದಲೇ ಅದರ ಬಗೆಗಿನ ಪಠ್ಯವನ್ನು ಓದಿ ತೀರ್ಮಾನಿಸಬೇಕು. ಆ ಪಠ್ಯಗಳನ್ನು ಸಾಹಿತ್ಯದ ವಿದ್ಯಾರ್ಥಿಯೊಬ್ಬ ಹೇಗೆ ಓದಬಹುದು ಎಂಬುದು ಇಲ್ಲಿನ ಪ್ರಶ್ನೆ. ನಗರ ಟೋಕಿಯೋ. ಹೋಟೆಲುಗಳ ಬಗ್ಗೆ ಇಷ್ಟೊಂದು ಕಥೆ ಕಟ್ಟಿಕೊಂಡ ನಗರಗಳು ಹೆಚ್ಚಿಲ್ಲ.

ಮೊದಲು ‘ಮಧ್ಯಮ ದರ್ಜೆ’ ಎಂಬ ಮಾತನ್ನೇ ನೋಡೋಣ. ಜಪಾನಿನಲ್ಲಿ ಸರ್ಕಾರ ಹೋಟೆಲುಗಳಿಗೆ ನಕ್ಷತ್ರ ಕೊಡುವುದಿಲ್ಲ. ಕಾಯ್ದಿರಿಸುವ ತಾಣಗಳಲ್ಲಿ ಕಾಣುವ ಮೂರು, ನಾಲ್ಕು ನಕ್ಷತ್ರಗಳು ಆ ತಾಣಗಳವರು ತಮ್ಮ ಅಳತೆಗೋಲಿನಿಂದ ಕೊಟ್ಟವು. ಅಂಗಡಿಯವನೇ ವಿಮರ್ಶಕನೂ ಆಗಿರುವ ಪರಿಸ್ಥಿತಿ. ಇದಕ್ಕಿಂತ ನಂಬಲರ್ಹವಾದ ವ್ಯಾಖ್ಯೆ ನನಗೆ ಸಿಕ್ಕಿದ್ದು ತೆರಿಗೆಯ ನಿಯಮದಲ್ಲಿ. ಟೋಕಿಯೋ ಆಡಳಿತ 2002ರಲ್ಲಿ ತಂದ ವಸತಿ ತೆರಿಗೆಯ ಪ್ರಕಾರ ಒಬ್ಬರಿಗೆ ಒಂದು ರಾತ್ರಿಗೆ 10,000 ಯೆನ್‌ಗಿಂತ ಕಡಿಮೆ ಇದ್ದರೆ ತೆರಿಗೆಯಿಲ್ಲ, 10,000ದಿಂದ 15,000ದೊಳಗೆ 100 ಯೆನ್, ಅದರ ಮೇಲೆ 200 ಯೆನ್. ಈ ಎರಡು ಗೆರೆಗಳ ನಡುವೆ ನಿಂತವನು ಮಧ್ಯಮದವನು, ದಾಟಿದವನು ಮೇಲಿನವನು. ಯಾವ ವಿಶೇಷಣವೂ ಇಲ್ಲದ ವಾಕ್ಯ. ಆದರೆ 15,000 ಯೆನ್ ಕೊಟ್ಟವನಿಗೂ 1,50,000 ಯೆನ್ ಕೊಟ್ಟವನಿಗೂ ಅದೇ 200 ಎಂಬುದನ್ನು ಗಮನಿಸಿದರೆ, ಆಡಳಿತದ ಕಣ್ಣಿನಲ್ಲಿ ಸಿರಿವಂತಿಕೆ ಒಂದು ಹಂತದ ಮೇಲೆ ಕಾಣಿಸುವುದೇ ಇಲ್ಲ ಎಂಬುದೂ ತಿಳಿಯುತ್ತದೆ.

ಇನ್ನು ‘ನಿಲ್ದಾಣದಿಂದ ನಡಿಗೆ 5 ನಿಮಿಷ’. ಟೋಕಿಯೋದ ಹೋಟೆಲ್ ವಿವರಣೆಗಳಲ್ಲಿ ಇದಿಲ್ಲದ ಪುಟವನ್ನು ಹುಡುಕುವುದು ಕಷ್ಟ. ಜಪಾನಿನ ಮನೆ-ಜಮೀನು ಜಾಹೀರಾತುಗಳಿಗೆ ಒಂದು ನಿಯಮವಿದೆ: 80 ಮೀಟರ್ ಅಂದರೆ 1 ನಿಮಿಷ. ಆ ಲೆಕ್ಕದಲ್ಲಿ 5 ನಿಮಿಷವೆಂದರೆ 400 ಮೀಟರ್. ಸಿಗ್ನಲ್ಲಿಗೆ ಕಾಯುವ ಹೊತ್ತು, ಮೆಟ್ಟಿಲು ಹತ್ತುವ ಹೊತ್ತು, ಎಳೆಯಬೇಕಾದ ಪೆಟ್ಟಿಗೆ ಯಾವುದೂ ಅದರಲ್ಲಿ ಸೇರಿಲ್ಲ. ಎಲ್ಲಕ್ಕಿಂತ ಮುಖ್ಯ, ಅಳತೆ ಎಲ್ಲಿಂದ ಶುರುವಾಗುತ್ತದೆ ಎಂಬುದು. ಶಿಂಜುಕು ನಿಲ್ದಾಣಕ್ಕೆ 200ಕ್ಕೂ ಹೆಚ್ಚು ಹೊರದಾರಿಗಳಿವೆ. ತಪ್ಪು ದಾರಿಯಲ್ಲಿ ಹೊರಬಿದ್ದವನಿಗೆ ಆ 5 ನಿಮಿಷ ಅರ್ಧ ಗಂಟೆಯಾದೀತು. ನಿರೂಪಕ ಎಲ್ಲಿ ನಿಂತು ಹೇಳುತ್ತಿದ್ದಾನೆ ಎಂದು ಕಾದಂಬರಿ ಓದುವಾಗ ಕೇಳಲು ನಮಗೆ ಕಲಿಸಿದ್ದಾರಲ್ಲ, ಅದೇ ಪ್ರಶ್ನೆ ಇಲ್ಲಿ ಕಾಲಿಗೆ ಸಂಬಂಧಿಸಿದ್ದು. ಆ ಪುಟದಲ್ಲಿ ನಾನು ಪೂರ್ತಿ ನಂಬುವುದು ಚದರ ಮೀಟರನ್ನು ಮಾತ್ರ. ‘ಸೊಗಸಾದ’, ‘ನೆಮ್ಮದಿಯ’ ಎಂಬ ಪದಗಳ ಪಕ್ಕದಲ್ಲಿ 13 ಚದರ ಮೀಟರ್ ಎಂದಿದ್ದರೆ, ಮಂಚದ ಒಂದು ಬದಿ ಗೋಡೆಗೆ ಅಂಟಿರುತ್ತದೆ, ದೊಡ್ಡ ಪೆಟ್ಟಿಗೆ ತೆರೆಯಬೇಕಾದರೆ ಅದನ್ನು ಮಂಚದ ಮೇಲಿಡಬೇಕು. ‘ಸೆಮಿ ಡಬಲ್’ ಎಂಬ ಜಪಾನಿ ಇಂಗ್ಲಿಷ್ ಪದವನ್ನು ಇಬ್ಬರಿಗೆ ಎಂದು ಓದಿಕೊಂಡವರು 120 ಸೆಂಟಿಮೀಟರ್ ಅಗಲದಲ್ಲಿ ರಾತ್ರಿ ಕಳೆಯುವ ಸಂಭವವಿದೆ.

ಆದರೆ ನಾವು ಕೋಣೆಯನ್ನು ಈ ಅಂಕಿಗಳಿಂದ ಆರಿಸುವುದಿಲ್ಲ, ಆಸೆಯಿಂದ ಆರಿಸುತ್ತೇವೆ. ಆಸೆಗೆ ರೂಪ ಕೊಡುವುದು ಕಥೆ ಮತ್ತು ಸಿನಿಮಾ. ಟೋಕಿಯೋದ ಮಟ್ಟಿಗೆ ಆ ಕೆಲಸವನ್ನು ಎಲ್ಲಕ್ಕಿಂತ ಬಲವಾಗಿ ಮಾಡಿದ್ದು ಸೋಫಿಯಾ ಕೊಪ್ಪೊಲಾ ಅವರ ‘ಲಾಸ್ಟ್ ಇನ್ ಟ್ರಾನ್ಸ್‌ಲೇಷನ್’ (2003). ಶಿಂಜುಕುವಿನ ಪಾರ್ಕ್ ಹಯಾತ್ ಹೋಟೆಲು ಕೆಂಜೊ ತಾಂಗೆ ವಿನ್ಯಾಸಗೊಳಿಸಿದ ಗೋಪುರದ ತುದಿಯ ಮಹಡಿಗಳಲ್ಲಿದೆ, ಬಾರ್ ಇರುವುದು 52ನೆಯದರಲ್ಲಿ. ವಿಸ್ಕಿಯ ಜಾಹೀರಾತಿಗೆಂದು ಬಂದ ವಯಸ್ಸಾದ ನಟ, ಗಂಡನ ಹಿಂದೆ ಬಂದು ಒಂಟಿಯಾದ ತರುಣಿ, ನಿದ್ದೆ ಬಾರದ ರಾತ್ರಿಗಳು. ಕಿಟಕಿಯ ಕಟ್ಟೆಯ ಮೇಲೆ ಮಂಡಿ ಮಡಚಿ ಕೂತು ಅವಳು ನಗರವನ್ನು ನೋಡುವ ಚಿತ್ರವನ್ನು ಸಿನಿಮಾ ನೋಡದವರೂ ನೋಡಿರುತ್ತಾರೆ.

ಒಂಟಿತನದ ಬಗ್ಗೆ ಆ ಸಿನಿಮಾ ಪ್ರಾಮಾಣಿಕವಾಗಿದೆ ಎಂಬುದನ್ನು ಒಪ್ಪುತ್ತೇನೆ. ನನ್ನ ತಕರಾರು ಬೇರೆ. ಜಾಹೀರಾತಿನ ಚಿತ್ರೀಕರಣದಲ್ಲಿ ನಿರ್ದೇಶಕ ಜಪಾನಿ ಭಾಷೆಯಲ್ಲಿ ಉದ್ದಕ್ಕೆ ಮಾತಾಡುತ್ತಾನೆ, ಪರದೆಯ ಕೆಳಗೆ ಅನುವಾದ ಬರುವುದಿಲ್ಲ. ನಟನಿಗೆ ಗೊತ್ತಾಗದ್ದು ನಮಗೂ ಗೊತ್ತಾಗಬಾರದು ಎಂಬುದು ತಂತ್ರ. ಆದರೆ ಅದರಿಂದ ಪ್ರೇಕ್ಷಕನೂ ಆ ಹೋಟೆಲಿನ ಅತಿಥಿಯಾಗಿಬಿಡುತ್ತಾನೆ, ಊರಿನವರೆಲ್ಲ ಸಿಬ್ಬಂದಿಯಾಗಿಬಿಡುತ್ತಾರೆ. ಲಿಫ್ಟಿನಲ್ಲಿ ಎಲ್ಲರಿಗಿಂತ ಒಂದು ತಲೆ ಎತ್ತರಕ್ಕೆ ನಿಂತ ಬಿಳಿಯ, ಅವನ ಭುಜಕ್ಕೂ ಬಾರದ ಷವರ್: ಇವಕ್ಕೆ ನಗಬೇಕಾದರೆ ನಾವು ಅವನ ಎತ್ತರದಲ್ಲಿ ನಿಲ್ಲಬೇಕು. ಮೈಸೂರಿನಲ್ಲೋ ಧಾರವಾಡದಲ್ಲೋ ಕೂತು ಈ ಸಿನಿಮಾ ನೋಡಿ ನಾವೂ ನಗುತ್ತೇವಲ್ಲ, ನಾವು ಯಾರ ಎತ್ತರವನ್ನು ಎರವಲು ತಂದೆವು? ಹೋಟೆಲ್ ಅಭಿಪ್ರಾಯಗಳಲ್ಲಿ ಕನ್ನಡಿಗರೂ ಬರೆಯುವ ‘ಸಿಬ್ಬಂದಿ ತುಂಬ ವಿನಯವಂತರು’ ಎಂಬ ವಾಕ್ಯ ಬರುವುದು ಇದೇ ಜಾಗದಿಂದ. ಬಾಗಿ ನಮಸ್ಕರಿಸುವವರು ಎಷ್ಟು ಗಂಟೆಯಿಂದ ನಿಂತಿದ್ದಾರೆ, ಕಡೆಯ ರೈಲು ತಪ್ಪಿದರೆ ಅವರು ಮನೆಗೆ ಹೇಗೆ ಹೋಗುತ್ತಾರೆ ಎಂಬ ವಿಷಯಕ್ಕೆ ಆ ವಾಕ್ಯದಲ್ಲಿ ಜಾಗವಿಲ್ಲ. ಸಂಶೋಧನಾ ವಿದ್ಯಾರ್ಥಿವೇತನದಲ್ಲಿ ಆ 52ನೆಯ ಮಹಡಿಯ ಒಂದು ಲೋಟಕ್ಕೆ ದುಡ್ಡು ಹೊಂದಿಸುವುದೇ ಕಷ್ಟ, ಹಾಗಾಗಿ ನನ್ನ ಟೀಕೆಯಲ್ಲಿ ಕೊಂಚ ಹುಳಿದ್ರಾಕ್ಷಿ ಇದೆ ಎನ್ನುವವರು ಅನ್ನಬಹುದು.

ಇದಕ್ಕೆ ಎದುರಾಗಿ ಇಡಬೇಕಾದದ್ದು ಸೆಯಿಚೊ ಮಾತ್ಸುಮೊತೊ ಅವರ ಪತ್ತೇದಾರಿ ಕಾದಂಬರಿ ‘ತೆನ್ ತೊ ಸೆನ್’, ಅಂದರೆ ‘ಬಿಂದುಗಳು ಮತ್ತು ಗೆರೆಗಳು’. 1957-58ರಲ್ಲಿ ಅದು ಧಾರಾವಾಹಿಯಾಗಿ ಬಂದದ್ದು ‘ತಬಿ’ ಎಂಬ ಪ್ರವಾಸ ಪತ್ರಿಕೆಯಲ್ಲಿ. ಊರು ಸುತ್ತಿರಿ, ರೈಲು ಹತ್ತಿರಿ ಎಂದು ಓದುಗರನ್ನು ಹುರಿದುಂಬಿಸುವ ಪತ್ರಿಕೆಯೊಳಗೆ ರೈಲಿನ ವೇಳಾಪಟ್ಟಿಯನ್ನೇ ಅಪರಾಧದ ಸಲಕರಣೆ ಮಾಡಿದ ಕಥೆ. ಟೋಕಿಯೋ ನಿಲ್ದಾಣದ 13ನೆಯ ಪ್ಲಾಟ್‌ಫಾರ್ಮಿನಿಂದ 15ನೆಯದು ಕಾಣಬೇಕಾದರೆ ನಡುವೆ ಯಾವ ರೈಲೂ ನಿಂತಿರಬಾರದು. ದಿನದ ಆ ಗಿಜಿಗಿಜಿಯಲ್ಲಿ ಅಂಥ ಬಿಡುವು ಸಂಜೆ ಸಿಗುವುದು 4 ನಿಮಿಷ ಮಾತ್ರ. ಆ 4 ನಿಮಿಷದಲ್ಲಿ ಒಂದು ಜೋಡಿಯನ್ನು ಕಂಡೆವು ಎನ್ನುವ ಸಾಕ್ಷಿಗಳಿದ್ದಾರೆ. ಅದು ಆಕಸ್ಮಿಕವೇ? ಇತ್ತ ಕ್ಯೂಶು ದ್ವೀಪದ ಕಡಲ ತೀರದಲ್ಲಿ ಹೆಣಗಳಾಗಿ ಸಿಕ್ಕ ಅದೇ ಜೋಡಿಯ ಬಗ್ಗೆ ಮುದಿ ಪೊಲೀಸನೊಬ್ಬನಿಗೆ ಅನುಮಾನ ಹುಟ್ಟುವುದು ಸತ್ತವನ ಜೇಬಿನಲ್ಲಿದ್ದ ರೈಲಿನ ಊಟದ ರಸೀದಿಯಿಂದ. ಅದರಲ್ಲಿ ‘ಒಬ್ಬರಿಗೆ’ ಎಂದಿತ್ತು. ಒಟ್ಟಿಗೆ ಸಾಯಲು ಹೊರಟವರು ಒಟ್ಟಿಗೆ ಉಣ್ಣಲಿಲ್ಲವೇಕೆ?

ಮಾತ್ಸುಮೊತೊ ಉಳಿದುಕೊಳ್ಳುತ್ತಿದ್ದ ಟೋಕಿಯೋ ಸ್ಟೇಷನ್ ಹೋಟೆಲಿನ 209ನೆಯ ಕೋಣೆಯಿಂದ ಆಗ ಪ್ಲಾಟ್‌ಫಾರ್ಮುಗಳು ಕಾಣುತ್ತಿದ್ದವು ಎಂದು ಹೋಟೆಲಿನವರು ಇಂದಿಗೂ ಹೇಳಿಕೊಳ್ಳುತ್ತಾರೆ. 1915ರಲ್ಲಿ ಶುರುವಾದ ಈ ಹೋಟೆಲು ಇರುವುದು ತಾತ್ಸುನೊ ಕಿಂಗೊ ಕಟ್ಟಿದ ಕೆಂಪಿಟ್ಟಿಗೆಯ ನಿಲ್ದಾಣದ ಒಳಗೇ. 1945ರ ಬಾಂಬ್ ದಾಳಿಯಲ್ಲಿ ಗುಮ್ಮಟಗಳೂ ಮೇಲಿನ ಮಹಡಿಯೂ ಹೋದವು, 2012ರಲ್ಲಿ ಹಳೆಯ ರೂಪಕ್ಕೆ ತಂದು ಮತ್ತೆ ತೆರೆದರು. ಕವಾಬಾತ ಯಾಸುನಾರಿ ಕೂಡ ಇಲ್ಲಿ ಇದ್ದು ಬರೆದವರೇ. ಮಾತ್ಸುಮೊತೊನ ಕಿಟಕಿಯಿಂದ ಕಾಣುತ್ತಿದ್ದುದು ದೀಪಗಳ ಸಾಗರವಲ್ಲ, ಕೆಲಸಕ್ಕೆ ಹೋಗಿಬರುವ ಜನ. ಸೀಗ್‌ಫ್ರೀಡ್ ಕ್ರಾಕಾವರ್ 1920ರ ದಶಕದಲ್ಲಿ ಹೋಟೆಲ್ ಲಾಬಿಯನ್ನು ಚರ್ಚಿಗೆ ಎದುರಾಗಿಟ್ಟು, ದೇವರೂ ಇಲ್ಲದ ಸಮುದಾಯವೂ ಇಲ್ಲದ ಒಂದು ನೆರವಿ ಎಂಬಂತೆ ವಿವರಿಸಿದ. ಅದು ಪತ್ತೇದಾರಿ ಕಾದಂಬರಿಯ ಬಗ್ಗೆ ಅವನು ಬರೆದ ಗ್ರಂಥದ ಒಂದು ಅಧ್ಯಾಯ ಎಂಬುದನ್ನು ನಾವು ಮರೆಯುತ್ತೇವೆ. ಲಾಬಿಯಲ್ಲಿ ಯಾರಿಗೂ ಯಾರ ಗುರುತಿಲ್ಲ, ಹಾಗಾಗಿಯೇ ಪತ್ತೇದಾರ ಅಲ್ಲಿ ಬೇಕು. ಮಾತ್ಸುಮೊತೊ ಇದನ್ನು ಇನ್ನೊಂದು ಹೆಜ್ಜೆ ಮುಂದೊಯ್ಯುತ್ತಾನೆ ಎಂದು ನನ್ನ ಓದು: ಅವನಲ್ಲಿ ಲಾಬಿ ಅಂದರೆ ಇಡೀ ರೈಲು ಜಾಲ. ಈಗಲೂ ಆ ಹೋಟೆಲಿನಲ್ಲಿ ಹೊರನೋಟದ ಕೋಣೆಗಳಲ್ಲದೆ ಗುಮ್ಮಟದ ಒಳಬದಿಗೆ ಮುಖಮಾಡಿದ ಕೋಣೆಗಳಿವೆ. ಕಿಟಕಿಯಿಂದ ಕೆಳಗೆ ಟಿಕೆಟ್ ಗೇಟುಗಳ ಜನಪ್ರವಾಹ ಕಾಣುತ್ತದೆ. ಯಾರಾದರೂ ಖರ್ಚು ಕೊಡುತ್ತಾರೆಂದರೆ 52ನೆಯ ಮಹಡಿಯನ್ನು ಬಿಟ್ಟು ಇದನ್ನು ಕೇಳಿ ಪಡೆಯಿರಿ.

ಇಂಪೀರಿಯಲ್ ಹೋಟೆಲಿನ ಕಥೆ ಎಲ್ಲ ಕೈಪಿಡಿಗಳಲ್ಲೂ ಇದೆ. ಫ್ರಾಂಕ್ ಲಾಯ್ಡ್ ರೈಟ್ ಕಟ್ಟಿದ ಕಟ್ಟಡದ ಉದ್ಘಾಟನೆ 1923ರ ಸೆಪ್ಟೆಂಬರ್ 1ರಂದು. ಅಂದೇ ಮಧ್ಯಾಹ್ನಕ್ಕೆ ಎರಡು ನಿಮಿಷ ಇರುವಾಗ ಕಾಂತೊ ಭೂಕಂಪ. ಊರು ಸುಟ್ಟಿತು, ಹೋಟೆಲು ನಿಂತಿತು, ವಾಸ್ತುಶಿಲ್ಪಿಯ ಪ್ರತಿಭೆ ಲೋಕಕ್ಕೆ ಸಾಬೀತಾಯಿತು. ಈ ಕಥೆಯಲ್ಲಿ ಬಿಟ್ಟುಹೋಗುವುದು ಏನೆಂದರೆ, ನಿಂತದ್ದು ಅದೊಂದೇ ಕಟ್ಟಡವಲ್ಲ, ಅದಕ್ಕೂ ಪೆಟ್ಟು ಬಿದ್ದಿತ್ತು. ಅದಕ್ಕಿಂತ ಗಂಭೀರವಾದ ಮೌನ ಮುಂದಿನ ದಿನಗಳದ್ದು. ಕೊರಿಯನ್ನರು ಬಾವಿಗೆ ವಿಷ ಹಾಕುತ್ತಿದ್ದಾರೆ ಎಂಬ ವದಂತಿ ಹಬ್ಬಿ, ಕಾವಲು ಗುಂಪುಗಳು, ಕೆಲವೆಡೆ ಪೊಲೀಸರು ಮತ್ತು ಸೈನಿಕರು ಸೇರಿ ಸಾವಿರಾರು ಕೊರಿಯನ್ನರನ್ನು ಕೊಂದರು. ದಾರಿಯಲ್ಲಿ ಹೋಗುವವರನ್ನು ನಿಲ್ಲಿಸಿ ಕೆಲವು ಜಪಾನಿ ಪದಗಳನ್ನು ಹೇಳಿಸುತ್ತಿದ್ದರು. ಉಚ್ಚಾರ ತಪ್ಪಿದರೆ ಸಾವು. ಅದೇ ವಾರ ಇಂಪೀರಿಯಲ್ ಹೋಟೆಲು ರಾಯಭಾರ ಕಚೇರಿಗಳಿಗೂ ವಿದೇಶಿ ಪತ್ರಕರ್ತರಿಗೂ ಆಸರೆ ಕೊಟ್ಟಿತ್ತು. ಪರದೇಶಿ ಎಂಬ ಒಂದೇ ಪದದೊಳಗೆ ಇಷ್ಟು ದೂರದ ಎರಡು ವಿಧಿಗಳಿದ್ದವು. ಹೋಟೆಲಿನ ಪುರಾಣ ಮೊದಲನೆಯದನ್ನು ಮಾತ್ರ ಹೇಳುತ್ತದೆ. ಕಟ್ಟಡವನ್ನು 1968ರ ಹೊತ್ತಿಗೆ ಕೆಡವಿದರು, ಅದರ ಮುಂಭಾಗ ಮತ್ತು ಲಾಬಿ ಇಂದು ನಗೋಯಾ ಬಳಿಯ ಮೇಜಿ ಮುರಾ ಬಯಲು ವಸ್ತುಸಂಗ್ರಹಾಲಯದಲ್ಲಿವೆ.

ಕೆಡವಿ ಅದೇ ಹೆಸರಿನಲ್ಲಿ ಮತ್ತೆ ಕಟ್ಟುವುದು ಅಲ್ಲಿ ಹೊಸದಲ್ಲ. 1962ರ ಒಕುರಾ ಹೋಟೆಲನ್ನು 2015ರಲ್ಲಿ ಕೆಡವಿ, ತಾನಿಗುಚಿ ಯೊಶಿರೊ ಮಾಡಿದ್ದ ಲಾಬಿಯನ್ನು ಅವರ ಮಗ ಯೊಶಿಯೊ 2019ರಲ್ಲಿ ಮರುಸೃಷ್ಟಿಸಿದರು. ಮುರಾಕಮಿಯ ‘ಡಾನ್ಸ್ ಡಾನ್ಸ್ ಡಾನ್ಸ್’ನಲ್ಲಿ ಸಪ್ಪೊರೊದ ಹಳೆಯ ಬಡಕಲು ಡಾಲ್ಫಿನ್ ಹೋಟೆಲು ಅದೇ ಹೆಸರಿನ ದೈತ್ಯ ಕಟ್ಟಡವಾಗಿ, ಹಳೆಯದು ಅದರೊಳಗಿನ ಕತ್ತಲ ಮಹಡಿಯಾಗಿ ಉಳಿಯುತ್ತದಲ್ಲ, ಅದನ್ನು ಮಾಂತ್ರಿಕತೆ ಎಂದು ಪಾಠ ಮಾಡುವ ಬದಲು ವರದಿ ಎಂದೇ ಓದಬಹುದು.

ನನಗೆ ನಿಜಕ್ಕೂ ಹತ್ತಿರವಾದದ್ದು ಸುರುಗಾದಾಯಿ ದಿಬ್ಬದ ಯಾಮಾನೊಉಎ ಹೋಟೆಲು. ಕಟ್ಟಡ 1937ರದು, ಯುದ್ಧದ ನಂತರ ಅಮೆರಿಕದ ಸೇನೆಯ ವಶದಲ್ಲಿತ್ತು, 1954ರಲ್ಲಿ ಹೋಟೆಲಾಯಿತು. ಇದ್ದದ್ದು 35 ಕೋಣೆಗಳು. ಕೆಳಗಿಳಿದರೆ ಜಿಂಬೊಚೊ, ಹಳೆಯ ಪುಸ್ತಕದಂಗಡಿಗಳ ಬೀದಿ. ಸುತ್ತಮುತ್ತ ಪ್ರಕಾಶಕರು. ಗಡುವು ಮೀರಿದ ಲೇಖಕರನ್ನು ಪ್ರಕಾಶಕರು ಇಲ್ಲಿ ತಂದು ಕೂಡಿಹಾಕಿ ಬರೆಸುತ್ತಿದ್ದರು. ಆ ಪದ್ಧತಿಗೆ ‘ಕಾನ್‌ಜುಮೆ’ ಎನ್ನುತ್ತಾರೆ, ಡಬ್ಬಿಯಲ್ಲಿ ತುಂಬಿಡುವುದು ಎಂದರ್ಥ. ಮಿಶಿಮಾ, ಕವಾಬಾತ ಇಲ್ಲಿಗೆ ಬಂದು ಹೋದವರು. ಲೇಖಕನ ಸ್ವಾತಂತ್ರ್ಯ, ಸ್ಫೂರ್ತಿ ಎಂದೆಲ್ಲ ನಾವು ತರಗತಿಯಲ್ಲಿ ಹೇಳುವಾಗ ಈ ಡಬ್ಬಿಯ ಚಿತ್ರವೂ ನೆನಪಿರಬೇಕು: ಬಿಲ್ಲು ಪ್ರಕಾಶಕನದು, ಮೇಜು ಹೋಟೆಲಿನದು, ಬಾಗಿಲಾಚೆ ಹಸ್ತಪ್ರತಿಗೆ ಕಾಯುವ ಸಂಪಾದಕ. (ಪ್ರಬಂಧದ ಅಧ್ಯಾಯ ಬಾಕಿ ಇರುವವರಿಗೆ ಇದು ಶಿಕ್ಷೆಯಂತೆ ಕೇಳಿಸುವುದಿಲ್ಲ.) 2024ರ ಫೆಬ್ರವರಿಯಲ್ಲಿ ಅದು ಬಾಗಿಲು ಹಾಕಿತು. ಅದೇ ವರ್ಷ ಪಕ್ಕದ ಮೇಜಿ ವಿಶ್ವವಿದ್ಯಾಲಯ ಜಾಗವನ್ನೂ ಕಟ್ಟಡವನ್ನೂ ಕೊಂಡಿತು.

ಹಾಗಾದರೆ ಎಲ್ಲಿ ಉಳಿಯಬೇಕು ಎಂದು ಕೇಳಿದರೆ, ಆ ದಿಬ್ಬದ ಕೆಳಗೆ, ಕಾಂದಾ ಮತ್ತು ಓಚಾನೊಮಿಜು ನಿಲ್ದಾಣಗಳ ಸುತ್ತ ಎನ್ನುತ್ತೇನೆ. ನಗರವನ್ನು ಸುತ್ತುವ ಯಾಮಾನೊತೆ ರೈಲಿನ 30 ನಿಲ್ದಾಣಗಳಲ್ಲಿ ಶಿಂಜುಕು, ಶಿಬುಯಾ ಇರುವ ಪಶ್ಚಿಮದ ಬದಿಯನ್ನು ಎಲ್ಲರೂ ಕೇಳುತ್ತಾರೆ. ಕಾಂದಾ, ಉಎನೊ ಇರುವ ಪೂರ್ವದ ಬದಿಯ ಹೊರದಾರಿಗಳು ಎಣಿಕೆಗೆ ಸಿಗುತ್ತವೆ, ನರಿತಾ ವಿಮಾನ ನಿಲ್ದಾಣದಿಂದ ಉಎನೊಗೆ ನೇರ ರೈಲೂ ಇದೆ. ಮಾಂಸ, ಮೀನು ತಿನ್ನದವರು ಬೆಳಗಿನ ಉಪಾಹಾರ ಸೇರಿದ ದರವನ್ನು ಬಿಟ್ಟುಬಿಡುವುದು ಮೇಲು. ಸಾರಿನಲ್ಲಿ ಮೀನಿನ ರಸವಿರುತ್ತದೆ ಎಂಬುದನ್ನು ವಿವರಣೆಯ ಪುಟ ಹೇಳುವುದಿಲ್ಲ. ಕಾಯ್ದಿರಿಸುವ ಮೊದಲು ಹೋಟೆಲಿಗೆ ಒಂದು ಸಾಲು ಬರೆದು, ನಿಮ್ಮ 5 ನಿಮಿಷ ಯಾವ ಹೊರದಾರಿಯಿಂದ, ಅಲ್ಲಿ ಲಿಫ್ಟ್ ಇದೆಯೇ ಎಂದು ಕೇಳಿ. ಒಳಹೋದಾಗ ಪಾಸ್‌ಪೋರ್ಟ್ ಕೇಳಿ ದೇಶ ಮತ್ತು ಸಂಖ್ಯೆಯನ್ನು ಬರೆದುಕೊಳ್ಳುತ್ತಾರೆ. ಜಪಾನಿನಲ್ಲಿ ವಿಳಾಸವಿಲ್ಲದ ವಿದೇಶಿಯರಿಗೆ ಮಾತ್ರ ಇರುವ ನಿಯಮವದು. ಪಕ್ಕದ ಕೌಂಟರಿನಲ್ಲಿ ಊರಿನವರು ಹೆಸರು, ವಿಳಾಸ ಬರೆದು ಕೀಲಿ ಪಡೆದು ಹೋಗುತ್ತಿರುತ್ತಾರೆ. ಯಾವೂರು, ಯಾವ ಜನ ಎಂದು ಅವರನ್ನು ಕೇಳುವುದಿಲ್ಲ.