ಗಿಡುಗದ ದಾಖಲೆಗೆ ಫೋಟೊ ಒಂದೇ ಸಾಕೇ?

ಹೆಸರಘಟ್ಟದ ಹುಲ್ಲುಗಾವಲಿನ ಮೇಲೆ ಚಳಿಗಾಲದ ಸಂಜೆ ತೀರಾ ತಗ್ಗಿನಲ್ಲಿ ತೇಲಿಹೋಗುವ ಕಂದು ಗಿಡುಗವೊಂದನ್ನು ಸೆರೆಹಿಡಿದು, ಚಿತ್ರದ ಕೆಳಗೆ ‘ಪ್ಯಾಲಿಡ್ ಹ್ಯಾರಿಯರ್, ಹೆಣ್ಣು’ ಎಂದಷ್ಟೇ ಬರೆದು ಹಕ್ಕಿ ದಾಖಲೆಗಳ ಜಾಲತಾಣ ಇ-ಬರ್ಡ್‌ಗೆ ಏರಿಸುವುದು ಈಗ ರೂಢಿಯಾಗಿಬಿಟ್ಟಿದೆ. ಚಿತ್ರವೇನೋ ಸೊಗಸಾಗಿರುತ್ತದೆ. ಅದು ಮಾಂಟೆಗು ಹ್ಯಾರಿಯರ್ ಏಕಲ್ಲ ಎಂಬುದಕ್ಕೆ ಮಾತ್ರ ಒಂದು ಸಾಲೂ ಇರುವುದಿಲ್ಲ. ನನ್ನ ತಕರಾರು ಇದರ ಬಗ್ಗೆಯೇ. ಸ್ಥಳದಲ್ಲಿರದ ಮೂರನೆಯವರು ಅನುಮಾನಪಟ್ಟು ಪರೀಕ್ಷಿಸಲು ಆಸ್ಪದ ಕೊಡದ ದಾಖಲೆ ಅರೆಬರೆ ದಾಖಲೆ.

ಗಂಡುಗಳಲ್ಲಿ ಹೆಚ್ಚು ಗೊಂದಲವಿಲ್ಲ. ಮಾಂಟೆಗು ಗಂಡಿನ ಬೂದು ರೆಕ್ಕೆಯ ಮೇಲೆ ಅಡ್ಡಲಾಗಿ ಕಪ್ಪು ಪಟ್ಟಿಯಿರುತ್ತದೆ. ಪ್ಯಾಲಿಡ್ ಗಂಡಿಗೆ ಆ ಪಟ್ಟಿಯಿಲ್ಲ, ರೆಕ್ಕೆಯ ತುದಿಯಲ್ಲಿ ಕಿರಿದಾದ ಕಪ್ಪು ಬೆಣೆ ಮಾತ್ರ. ಕಷ್ಟವೆಲ್ಲ ಹೆಣ್ಣು ಮತ್ತು ಮರಿಗಳದ್ದು. ಎರಡೂ ಜಾತಿಯಲ್ಲಿ ಅವು ಕಂದು, ಎರಡಕ್ಕೂ ಬಾಲದ ಬುಡ ಬಿಳಿ. ಪ್ಯಾಲಿಡ್ ಮರಿಯ ಕೆನ್ನೆಯ ಹಿಂದೆ ತಿಳಿ ಬಣ್ಣದ ಕೊರಳಪಟ್ಟಿ, ಅದರಾಚೆ ಕತ್ತಿನ ಪಕ್ಕದಲ್ಲಿ ಗಾಢ ಕಂದು ಇರುತ್ತದೆ. ಬೆಳೆದ ಹೆಣ್ಣಾದರೆ ರೆಕ್ಕೆಯ ಅಡಿಭಾಗ ನೋಡಬೇಕು: ಒಳಗರಿಗಳು ಪ್ಯಾಲಿಡ್‌ನಲ್ಲಿ ಕಪ್ಪಗೆ ಕಾಣುತ್ತವೆ, ಮಾಂಟೆಗುವಿನಲ್ಲಿ ಪಟ್ಟೆಗಳು ಬಿಡಿಬಿಡಿಯಾಗಿ ಕಾಣುತ್ತವೆ. ಇಳಿಬಿಸಿಲು, ಗರಿ ಉದುರುವ ಕಾಲ, ಕ್ಯಾಮೆರಾದ ಬೆಳಕಿನ ಹೊಂದಾಣಿಕೆ ಯಾವುದಾದರೂ ಈ ವ್ಯತ್ಯಾಸವನ್ನು ಅಳಿಸಿಹಾಕಬಲ್ಲದು. ಹೆನ್ ಹ್ಯಾರಿಯರ್ ನಮ್ಮ ಕಡೆ ಕಂಡಿತು ಎನ್ನುವವರ ಹೊಣೆ ಇನ್ನೂ ದೊಡ್ಡದು. ಅದರ ರೆಕ್ಕೆತುದಿಯಲ್ಲಿ ಬೆರಳಿನಂತೆ ಬಿಡಿಯಾಗಿ ಚಾಚುವ ಗರಿಗಳು ಐದು, ಉಳಿದೆರಡಕ್ಕೆ ನಾಲ್ಕು. ರೆಕ್ಕೆ ಮಡಿಸಿದ ಕ್ಷಣದ ಒಂದೇ ಚಿತ್ರದಲ್ಲಿ ಈ ಎಣಿಕೆ ತಪ್ಪುವುದು ಸುಲಭ. ಆದ್ದರಿಂದ ಮಸುಕಾದವೂ ಸೇರಿದಂತೆ ಸಾಲು ಚಿತ್ರಗಳನ್ನೆಲ್ಲ ಏರಿಸಬೇಕು. ಅಂದಗೆಟ್ಟ ಚಿತ್ರಗಳನ್ನು ಅಳಿಸುವವರು ಸಾಕ್ಷ್ಯವನ್ನೇ ಅಳಿಸುತ್ತಿದ್ದಾರೆ.

ವ್ಯವಸ್ಥೆಯನ್ನು ದೂರಲು ನನಗೆ ಮನಸ್ಸಿಲ್ಲ. 2002ರಲ್ಲಿ ಶುರುವಾದ ಇ-ಬರ್ಡ್ ಆ ಜಾಗಕ್ಕೆ ಅಪರೂಪದ ಹಕ್ಕಿಯೆಂದರೆ ವಿವರ ಕೇಳುತ್ತದೆ. ಆಯಾ ಪ್ರದೇಶದ ಸ್ವಯಂಸೇವಕರು ಅದನ್ನು ಪರಿಶೀಲಿಸುತ್ತಾರೆ. ಎಷ್ಟು ಹೊತ್ತು, ಎಷ್ಟು ದೂರ, ಕಂಡ ಹಕ್ಕಿಗಳೆಲ್ಲ ಯಾವುವು ಎಂಬ ಪೂರ್ಣ ಪಟ್ಟಿ ಬೇಡುವ ಅದರ ಕ್ರಮ ನಿಜಕ್ಕೂ ದೊಡ್ಡದು, ಏಕೆಂದರೆ ಕಾಣದ್ದೂ ಅಲ್ಲಿ ಮಾಹಿತಿಯಾಗುತ್ತದೆ. ಕೊರತೆ ನಮ್ಮದು. ವಿವರದ ಜಾಗದಲ್ಲಿ ‘ಫೋಟೊ ಇದೆ’ ಎಂದು ಬರೆದು ಮುಗಿಸುತ್ತೇವೆ. ಬೆಂಗಳೂರಿನ ಬರ್ಡ್‌ವಾಚರ್ಸ್ ಫೀಲ್ಡ್ ಕ್ಲಬ್ 1994ರಲ್ಲಿ ನಗರದ ಹಕ್ಕಿಗಳ ಟಿಪ್ಪಣಿಸಹಿತ ಪಟ್ಟಿ ತಂದ ಕಾಲದಲ್ಲಿ ಕೈಯಲ್ಲಿ ಇಂಥ ಕ್ಯಾಮೆರಾಗಳಿರಲಿಲ್ಲ. ಕಂಡದ್ದನ್ನು ಮಾತಿನಲ್ಲಿ ಹೇಳದೆ ಗತ್ಯಂತರವಿರಲಿಲ್ಲ. ಆ ಶಿಸ್ತು ಈಗಿನ ಲೆನ್ಸುಗಳ ಜೊತೆ ಕೂಡಿದ್ದರೆ ಎಂಥ ದಾಖಲೆಗಳು ಸಿಗುತ್ತಿದ್ದವು!

ಇದು ಹವ್ಯಾಸಿಗಳ ಒಳಜಗಳವಲ್ಲ. ಭಾರತಕ್ಕೆ ಚಳಿಗಾಲದಲ್ಲಿ ಬರುವ ಹ್ಯಾರಿಯರ್‌ಗಳು ಮೂವತ್ತು ವರ್ಷಗಳಲ್ಲಿ ಕುಗ್ಗಿರುವ ಸೂಚನೆಯನ್ನು ಟಿ. ಗಣೇಶ್ ಮತ್ತು ಸಂಗಡಿಗರು 2018ರಲ್ಲಿ ಪ್ರಕಟಿಸಿದ್ದು ರಾತ್ರಿ ತಂಗುದಾಣಗಳ ಎಣಿಕೆಗಳನ್ನು ಒಟ್ಟುಗೂಡಿಸಿ. ದೊಡ್ಡಬಳ್ಳಾಪುರ, ನೆಲಮಂಗಲಗಳ ಮಗ್ಗುಲಲ್ಲೇ ಇರುವ ಹೆಸರಘಟ್ಟದ ಹುಲ್ಲುಗಾವಲನ್ನು ಸಂರಕ್ಷಣಾ ಮೀಸಲು ಮಾಡುವ ಪ್ರಸ್ತಾವವನ್ನು ರಾಜ್ಯ ವನ್ಯಜೀವಿ ಮಂಡಳಿ 2021ರಲ್ಲಿ ತಳ್ಳಿಹಾಕಿ, 2024ರಲ್ಲಿ ಒಪ್ಪಿತು. ಮರಗಳಿಲ್ಲದ ಬಯಲನ್ನು ಪಾಳುಭೂಮಿ ಎನ್ನುವವರ ಮುಂದೆ ಇಡಲು ಗಟ್ಟಿ ದಾಖಲೆ ಬೇಕು. ತಪ್ಪು ಗುರುತಿನ ಒಂದು ಹಕ್ಕಿ ಸಿಕ್ಕರೂ ಎದುರಾಳಿ ಪಟ್ಟಿಯನ್ನೆಲ್ಲ ಅಲ್ಲಗಳೆಯುತ್ತಾನೆ.

ಇನ್ನೊಂದು ಮಾತನ್ನೂ ಹೇಳಲೇಬೇಕು. ಹ್ಯಾರಿಯರ್‌ಗಳು ಮಲಗುವುದು ನೆಲದ ಮೇಲೆ, ಹುಲ್ಲಿನ ನಡುವೆ. ಕುತ್ತಿಗೆಯ ಪಟ್ಟಿ ಕಾಣಲೆಂದು ಹುಲ್ಲಿನೊಳಗೆ ಜೀಪು ನುಗ್ಗಿಸುವುದು, ತಂಗುದಾಣದ ಗುರುತನ್ನು ಅದೇ ರಾತ್ರಿ ವಾಟ್ಸಾಪ್‌ನಲ್ಲಿ ಹಂಚುವುದು ನನ್ನ ಲೆಕ್ಕದಲ್ಲಿ ದಾಖಲಾತಿಯಲ್ಲ, ಹಕ್ಕಿಗೆ ಕೊಡುವ ಕಾಟ.

ಹಾಗಾದರೆ ನಾನು ಮೆಚ್ಚುವ ದಾಖಲೆ ಯಾವುದು? ಇ-ಬರ್ಡ್‌ನಲ್ಲಿ ‘ಪ್ಯಾಲಿಡ್ ಅಥವಾ ಮಾಂಟೆಗು’ ಎಂದು ಎರಡರ ನಡುವೆ ನಿಲ್ಲಿಸಿ ನಮೂದಿಸಲು ಅವಕಾಶವಿದೆ. ಅದನ್ನು ಸೋಲೆಂದು ತಿಳಿದು ಬಳಸದವರೇ ಹೆಚ್ಚು. ಬೆಳಕು ಹೋಗುತ್ತಿದ್ದಾಗ ಕಂಡ ಹಕ್ಕಿಗೆ ಅದನ್ನೇ ಬರೆದು, ಕತ್ತು ಕಾಣಲಿಲ್ಲ, ಹೊತ್ತು ಇಷ್ಟು, ಎಣಿಕೆ ಇಷ್ಟು ಎಂದು ಸೇರಿಸಿದ ಪಟ್ಟಿ ಸಿಕ್ಕರೆ ತಂಗುದಾಣದ ಲೆಕ್ಕಕ್ಕೆ ನಾನು ಅದನ್ನೇ ಮೊದಲು ತೆಗೆದುಕೊಳ್ಳುತ್ತೇನೆ.