ಮುಖ ನಟರದು, ಮಾತು ಸರ್ಲಿಂಗ್‌ನದು

1950-60ರ ದಶಕಗಳ ಅಮೆರಿಕದ ಟಿವಿ ನಾಟಕಗಳನ್ನು ಇವತ್ತು ಹೆಚ್ಚಿನವರು ನೋಡುವುದು ಮುಖ ಗುರುತಿಸಲಿಕ್ಕೆ. ಅಗೋ ಜೇಮ್ಸ್ ಡೀನ್, ಇಗೋ ರಾಬರ್ಟ್ ರೆಡ್‌ಫರ್ಡ್ ಅನ್ನುತ್ತಾರೆ, ಅಲ್ಲಿಗೆ ಮುಗಿಯಿತು. ಆ ಮುಖಗಳಿಗೆ ಮಾತು ಕೊಟ್ಟವರು ಯಾರೆಂದು ಕೇಳುವವರಿಲ್ಲ. ಇದು ಅನ್ಯಾಯ; ಬರಹಗಾರ ರಾಡ್ ಸರ್ಲಿಂಗ್‌ನ ಮಟ್ಟಿಗಂತೂ ದೊಡ್ಡ ಅನ್ಯಾಯ.

ಸರ್ಲಿಂಗ್ ಬರೆದ ‘ರೆಕ್ವಿಯಮ್ ಫಾರ್ ಎ ಹೆವಿವೇಟ್’ 1956ರ ಅಕ್ಟೋಬರಿನಲ್ಲಿ ಸಿಬಿಎಸ್‌ನ ‘ಪ್ಲೇಹೌಸ್ 90’ ಸರಣಿಯಲ್ಲಿ ನೇರ ಪ್ರಸಾರವಾಯಿತು. ನಟ ಮಾತು ಮರೆತರೆ ಮರೆತದ್ದೇ, ಎರಡನೇ ಟೇಕ್ ಇಲ್ಲ. ಗುದ್ದು ತಿಂದು ತಿಂದು ಮುಖ ಕೆಟ್ಟ ಬಾಕ್ಸರ್ ಮೌಂಟನ್ ಮೆಕ್ಲಿಂಟಾಕ್ ಇನ್ನು ರಿಂಗಿಗೆ ಇಳಿಯಕೂಡದೆಂದು ಡಾಕ್ಟರು ಹೇಳಿಬಿಡುತ್ತಾನೆ. ಒಂದು ಪಂದ್ಯವನ್ನೂ ಬೇಕೆಂದು ಸೋತವನಲ್ಲ ಅವನು. ಅವನು ದೇವರಂತೆ ನಂಬಿದ ಮ್ಯಾನೇಜರ್ ಮೇಶ್ ಮಾತ್ರ ಅವನು ಬೇಗ ಸೋಲುತ್ತಾನೆಂದೇ ಬಾಜಿ ಕಟ್ಟಿ ಕಳೆದುಕೊಂಡು, ಆ ಸಾಲ ತೀರಿಸಲು ಅವನಿಗೆ ವೇಷ ಹಾಕಿಸಿ ಸುಳ್ಳು ಕುಸ್ತಿಗೆ ನೂಕಲು ನೋಡುತ್ತಾನೆ. ಕೆಲಸ ಕೊಡಿಸುವ ಕಚೇರಿಯಲ್ಲಿ ಮೌಂಟನ್ ತನಗೆ ಬೇರೇನೂ ಬರುವುದಿಲ್ಲವೆಂದು ತಡವರಿಸುತ್ತ ಹೇಳಿಕೊಳ್ಳುವ ದೃಶ್ಯವೇ ನಾಟಕದ ಜೀವ. ಮೌಂಟನ್ ಆಗಿ ನಟಿಸಿದ್ದು ಸ್ವತಃ ಬಾಕ್ಸರ್ ಆಗಿದ್ದ ಜ್ಯಾಕ್ ಪ್ಯಾಲೆನ್ಸ್. ಸರ್ಲಿಂಗ್ ಕೂಡ ಸೈನ್ಯದಲ್ಲಿದ್ದಾಗ ಬಾಕ್ಸಿಂಗ್ ಆಡಿದವನು. ಆ ನೋವು ಅವನಿಗೆ ಗೊತ್ತಿತ್ತು.

ಮರುವರ್ಷ ಬಿಬಿಸಿಗಾಗಿ ಆಲ್ವಿನ್ ರಾಕಾಫ್ ಇದೇ ನಾಟಕ ಮಾಡಿಸಿದಾಗ ಪ್ಯಾಲೆನ್ಸ್ ಬರಲಾಗಲಿಲ್ಲ. ಪಾತ್ರ ಸಿಕ್ಕಿದ್ದು ಹೆಸರಿಲ್ಲದ ಷಾನ್ ಕಾನರಿಗೆ. ಒಂದು ಸಣ್ಣ ಪಾತ್ರದಲ್ಲಿ ಮೈಕಲ್ ಕೇನ್ ಇದ್ದ. ಕಾನರಿ ಜೇಮ್ಸ್ ಬಾಂಡ್ ಆಗಲು ಇನ್ನೂ 5 ವರ್ಷವಿತ್ತು. ಇಷ್ಟು ಬೇರೆ ಬೇರೆ ನಟರು ನಿಲ್ಲಬಹುದಾದ ಪಾತ್ರ ಬರೆಯುವುದೇನು ಸಣ್ಣ ಕೆಲಸವೇ?

ಸರ್ಲಿಂಗ್‌ನ ದೋಷವೂ ಇಲ್ಲೇ ಇದೆ. ಮನಸ್ಸು ಕಲಕಿದಾಗ ಅವನ ಪಾತ್ರಗಳು ಭಾಷಣಕ್ಕೆ ನಿಲ್ಲುತ್ತವೆ. ಪ್ಯಾಡಿ ಚಯೆಫ್ಸ್ಕಿಯ ಟಿವಿ ನಾಟಕ ‘ಮಾರ್ಟಿ’ಯಲ್ಲಿ (1953, ರಾಡ್ ಸ್ಟೈಗರ್ ನಟಿಸಿದ್ದು) ಏನೂ ನಡೆಯದ ಶನಿವಾರದ ಸಂಜೆಯ ಹರಟೆಯೇ ಸಾಕಾಗುತ್ತದೆ, ಆ ಸಂಯಮ ಸರ್ಲಿಂಗ್‌ಗೆ ಒಲಿಯಲಿಲ್ಲ. ಮೌಂಟನ್‌ನನ್ನು ಕೊನೆಗೆ ರೈಲು ಹತ್ತಿಸಿ, ಪಕ್ಕದ ಹುಡುಗನೊಡನೆ ಮಾತಿಗೆ ಕೂರಿಸಿ ಊರಿಗೆ ಕಳಿಸುವುದು ಪ್ರೇಕ್ಷಕರನ್ನು ಸಮಾಧಾನಪಡಿಸಲು ಅಂಟಿಸಿದ ಹಾಗಿದೆ.

ಆದರೆ ಆ ಕಾಲದ ಬರಹಗಾರರ ಕೈ ಕಟ್ಟಿದ್ದವರು ಜಾಹೀರಾತುದಾರರು ಎಂಬುದನ್ನೂ ಹೇಳಬೇಕು. ಕಪ್ಪು ಹುಡುಗ ಎಮೆಟ್ ಟಿಲ್‌ನ ಕೊಲೆಯಿಂದ ಹುಟ್ಟಿದ ಸರ್ಲಿಂಗ್‌ನ ‘ನೂನ್ ಆನ್ ಡೂಮ್ಸ್‌ಡೇ’ ಅವರ ಒತ್ತಡದಿಂದ ಗುರುತೇ ಸಿಗದಂತಾಯಿತು. ಇಂಥ ಕತ್ತರಿಗೆ ಬೇಸತ್ತೇ ಅವನು 1959ರಲ್ಲಿ ‘ದಿ ಟ್ವೈಲೈಟ್ ಜೋನ್’ ಶುರುಮಾಡಿ, ಹೇಳಬೇಕಾದ್ದನ್ನು ಅದ್ಭುತ ಕಥೆಗಳ ಮರೆಯಲ್ಲಿ ಹೇಳಿದ್ದು. ರೆಡ್‌ಫರ್ಡ್ ಸಾವಿನ ಪಾತ್ರ ಮಾಡಿದ್ದು ಅಲ್ಲೇ, 1962ರಲ್ಲಿ. ಆ ಕಂತು ಬರೆದವನು ಜಾರ್ಜ್ ಕ್ಲೇಟನ್ ಜಾನ್ಸನ್. ಅವನ ಹೆಸರೂ ನೆನಪಿರಲಿ.

1962ರ ಸಿನಿಮಾಕ್ಕಾಗಿ ಸರ್ಲಿಂಗ್ ‘ರೆಕ್ವಿಯಮ್’ನ ಕೊನೆಯನ್ನು ಬದಲಿಸಿದ. ಅಲ್ಲಿ ಆಂಥನಿ ಕ್ವಿನ್‌ನ ಮೌಂಟನ್, ಮೇಶ್‌ನನ್ನು ಉಳಿಸಲು ರೆಡ್ ಇಂಡಿಯನ್ ವೇಷ ತೊಟ್ಟು ರಿಂಗಿಗೆ ಇಳಿಯುತ್ತಾನೆ. ಕಥೆ ಬೇಡುತ್ತಿದ್ದ ಕೊನೆ ಅದೇ. ಮೊದಲು ಪ್ಯಾಲೆನ್ಸ್‌ನದನ್ನು ನೋಡಿ, ಆಮೇಲೆ ಕ್ವಿನ್‌ನದನ್ನು ನೋಡಿ.