ಶಿರಾಕ್ಕೋ, ಶಿರಾಗೋ?

ಈ ವಾರ ಕೊರಟಗೆರೆಯ ಸಂಧಿ ಬಿಡಿಸುತ್ತೇನೆ ಎಂದಿದ್ದೆ. ಅದಕ್ಕೆ ಎರಡು ಮಾತು ಸಾಕು. ಉತ್ತರಪದ ‘ಕೆರೆ’; ‘ಮಳೆಗಾಲ’ ಎಂಬಲ್ಲಿ ಆದಂತೆ ಇಲ್ಲೂ ಕಕಾರ ಗಕಾರವಾಗಿದೆ. ಉತ್ತರಪದದ ಮೊದಲಿನ ಕ, ತ, ಪಗಳಿಗೆ ಗ, ದ, ಬಗಳು ಆದೇಶವಾಗಿ ಬರುವುದನ್ನು ಕೇಶಿರಾಜ 13ನೇ ಶತಮಾನದಲ್ಲೇ ‘ಶಬ್ದಮಣಿದರ್ಪಣ’ದಲ್ಲಿ ವಿಧಿಸಿಟ್ಟಿದ್ದಾನೆ. ನನ್ನ ಜಗಳ ಇರುವುದು ಶಿರಾದ ವಿಭಕ್ತಿಯ ಬಗ್ಗೆ.

ತುಮಕೂರಿನಲ್ಲಿ ಬಸ್ಸು ಹತ್ತುವ ಹಳ್ಳಿಯ ಹಿರಿಯರು ‘ಸಿರಕ್ಕೆ ಎರಡು ಕೊಡಪ್ಪ’ ಎನ್ನುತ್ತಾರೆ. ಕರಪತ್ರ, ಫ್ಲೆಕ್ಸುಗಳಲ್ಲಿ ಮಾತ್ರ ‘ಶಿರಾಗೆ ಸ್ವಾಗತ’. ಇಕಾರ, ಎಕಾರದಲ್ಲಿ ಮುಗಿಯುವ ಊರಿಗೆ ‘ಗೆ’ ಸರಿ: ಮಧುಗಿರಿಗೆ, ಕೊರಟಗೆರೆಗೆ. ಅಕಾರದಲ್ಲಿ ಮುಗಿದರೆ ‘ಕ್ಕೆ’: ಪಾವಗಡಕ್ಕೆ. ಶಿರಾದ ಕೊನೆಯ ದೀರ್ಘ ನೋಡಿ ಬರೆಯುವವರು ಗಲಿಬಿಲಿಗೊಳ್ಳುತ್ತಾರೆ. ಆದರೆ ಅವರೇ ‘ಶಿರಾದಲ್ಲಿ’, ‘ಶಿರಾದಿಂದ’ ಎಂದು ತಪ್ಪಿಲ್ಲದೆ ಬರೆಯುತ್ತಾರಲ್ಲ! ಆ ‘ದ’ ಬಂದ ಕಡೆ ಚತುರ್ಥಿಗೆ ‘ಕ್ಕೆ’ಯೇ ಬರಬೇಕು: ಮರದಲ್ಲಿ, ಮರಕ್ಕೆ, ಶಿರಾದಲ್ಲಿ, ಶಿರಾಕ್ಕೆ. ‘ಗೀತಾಗೆ’, ‘ರಾಧಾಗೆ’ ಎನ್ನುವುದು ಹೆಂಗಸರ ಹೆಸರಿಗೆ ಒಗ್ಗುವ ರೂಪ; ಊರು ನಪುಂಸಕಲಿಂಗ.

ರಷ್ಯಾದಲ್ಲೂ ಇದೇ ತಕರಾರಿದೆ. ಕವಿ ಪಾಸ್ತರ್ನಾಕ್ ಬಾಳಿದ, ಮಣ್ಣಾದ ಊರು ಮಾಸ್ಕೋ ಬಳಿಯ ಪೆರೆಡೆಲ್ಕಿನೊ. ‘ಪೆರೆಡೆಲ್ಕಿನೊದಲ್ಲಿ’ ಎನ್ನಲು ಹಳೆಯ ವ್ಯಾಕರಣದಂತೆ ಕೊನೆಯ ಸ್ವರ ಬದಲಾಗಿ ‘ವ್ ಪೆರೆಡೆಲ್ಕಿನೆ’ ಆಗಬೇಕು. ಈಗ ಬಹಳ ಮಂದಿ ಹೆಸರನ್ನು ಅಲುಗಿಸದೆ ‘ವ್ ಪೆರೆಡೆಲ್ಕಿನೊ’ ಎಂದೇ ಬಿಡುತ್ತಾರೆ. ಹಳೆಯ ರೂಪವೇ ಶುದ್ಧವೆಂದು ಹಟ ಹಿಡಿದವರು ಅಲ್ಲಿ ಇಂದಿಗೂ ಇದ್ದಾರೆ. ನಾನು ಅವರ ಪಕ್ಷ.

ಊರಿನ ಹೆಸರಿಗೆಲ್ಲ ಸಂಸ್ಕೃತದ ಮುಖವಾಡ ತೊಡಿಸುವವರೊಂದಿಗೂ ನನಗೆ ಹಳೆಯ ಲೆಕ್ಕವಿದೆ. ಶಿರಾ ಎಂದರೆ ‘ಶಿರಸ್ಸು’ ಎನ್ನುವವರು ಜನರ ಬಾಯಲ್ಲಿರುವ ಸಕಾರಕ್ಕೆ ಏನು ಹೇಳುತ್ತಾರೆ? ಬಿ.ಎಲ್. ರೈಸ್ 1904ರಲ್ಲಿ ಪ್ರಕಟಿಸಿದ ತುಮಕೂರು ಜಿಲ್ಲೆಯ ಶಾಸನ ಸಂಪುಟ ತೆರೆದರೆ ಮಧುಗಿರಿ ಇನ್ನೂ ಮದ್ದಗಿರಿ, ಪಾವಗಡ ಇನ್ನೂ ಪಾವುಗಡ. ‘ಮಧು’ ಬಂದ ಮೇಲೆ ಮದ್ದಗಿರಿಯ ಒತ್ತಕ್ಷರ ಹೋಯಿತು. ಹಾವಿಗೆ ‘ಪಾವು’ ಎನ್ನುತ್ತಿದ್ದ ಹಳಗನ್ನಡವನ್ನು ನೆನಪಿಸುವ ಉಕಾರವೂ ಪಾವಗಡದ ಬೋರ್ಡಿನಲ್ಲಿ ಉಳಿದಿಲ್ಲ.

ಕಳೆದುಹೋದ ಅಕ್ಷರಗಳನ್ನು ಮರಳಿ ತರಲು ಸರ್ಕಾರಿ ಆದೇಶ ಬೇಕು. ‘ಕ್ಕೆ’ಗೆ ಯಾರ ಅಪ್ಪಣೆಯೂ ಬೇಡ. ಕರಪತ್ರ ಅಚ್ಚು ಹಾಕಿಸುವವರು, ಫ್ಲೆಕ್ಸ್ ಬರೆಸುವವರು ದಯವಿಟ್ಟು ‘ಶಿರಾಕ್ಕೆ ಸ್ವಾಗತ’ ಎಂದೇ ಬರೆಸಿ.